ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಪುಟ ತೆರೆಯುವುದಿಲ್ಲ: ಮನೆಯ ರೂಟರ್‌ನ ಎಂಟಿಯು ಕುರಿತು ಪ್ರಶ್ನೋತ್ತರ

ಪ್ರಶ್ನೆ:

ಸರ್, ನಾನು ಶಿರಸಿ ಹತ್ತಿರದ ಹಳ್ಳಿಯೊಂದರಲ್ಲಿ ಮನೆಯಿಂದಲೇ ಕೆಲವು ವ್ಯಾಪಾರಸ್ಥರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ 100 ಎಂಬಿಪಿಎಸ್‌ನ ಫೈಬರ್ ಸಂಪರ್ಕವಿದೆ. ಕಳೆದ ತಿಂಗಳು ಸಿಡಿಲಿಗೆ ಹಳೆಯ ರೂಟರ್ ಸುಟ್ಟುಹೋಯಿತು. ಫೈಬರ್ ಮೋಡೆಮ್ ಮಾತ್ರ ಉಳಿದುಕೊಂಡಿತು. ಹೊಸ ರೂಟರ್ ಹಾಕಿಸಿದ ದಿನದಿಂದ ವಿಚಿತ್ರವಾದ ತೊಂದರೆ ಶುರುವಾಗಿದೆ. ಯೂಟ್ಯೂಬ್ ಎಲ್ಲೂ ನಿಲ್ಲದೆ ಓಡುತ್ತದೆ, ಸೇವಾದಾರರ ಆ್ಯಪ್‌ನಲ್ಲಿ ವೇಗ ಪರೀಕ್ಷಿಸಿದರೆ ಪೂರ್ತಿ 100 ತೋರಿಸುತ್ತದೆ. ಆದರೆ ಒಂದು ಬ್ಯಾಂಕಿನ ಜಾಲತಾಣ ತೆರೆಯುವುದೇ ಇಲ್ಲ, ಬಿಳಿಯ ಪುಟದಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಎರಡು ಸಾಲಿನ ಮಿಂಚಂಚೆ ಹೋಗುತ್ತದೆ, ಅದಕ್ಕೆ ಪಿಡಿಎಫ್ ಲಗತ್ತಿಸಿದರೆ ಅರ್ಧದಲ್ಲಿ ನಿಲ್ಲುತ್ತದೆ. ಅದೇ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ ಎಲ್ಲವೂ ಸರಿ. ಎಂಟಿಯು ಎಂಬುದನ್ನು 1400ಕ್ಕೆ ಇಳಿಸಿದರೆ ಸರಿಹೋಗುತ್ತದೆ, ವೇಗವೂ ಹೆಚ್ಚುತ್ತದೆ ಎಂದು ಒಂದು ವೀಡಿಯೊದಲ್ಲಿ ಹೇಳಿದ್ದರು. ಇಳಿಸಬಹುದೇ?

ಉತ್ತರ:

ಮೇಡಂ, ನೀವು ಕೊಟ್ಟ ವಿವರಗಳಲ್ಲೇ ಅರ್ಧ ಉತ್ತರವಿದೆ. ಸಣ್ಣದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ, ಬೇರೆ ಸಂಪರ್ಕದಲ್ಲಿ ಎಲ್ಲವೂ ಸರಿಯಿರುತ್ತದೆ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಪ್ಯಾಕೆಟ್‌ನ, ಅಂದರೆ ಮಾಹಿತಿಯನ್ನು ಕಳುಹಿಸುವ ಒಂದೊಂದು ಕಟ್ಟಿನ, ಗಾತ್ರವನ್ನೇ. ಆದರೆ 1400 ಎಂದು ಕಣ್ಣುಮುಚ್ಚಿ ಬರೆಯಬೇಡಿ. ಎಂಟಿಯು ಎಂಬುದು ವೇಗ ಹೆಚ್ಚಿಸುವ ಗುಂಡಿಯಲ್ಲ. ನಿಮ್ಮ ದಾರಿಯಲ್ಲಿ ಒಂದು ಪ್ಯಾಕೆಟ್ ಗರಿಷ್ಠ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಅಳತೆ. ಅಳತೆಯನ್ನು ಅಳೆದೇ ತಿಳಿಯಬೇಕು.

ಮನೆಯೊಳಗಿನ ಈಥರ್ನೆಟ್‌ನಲ್ಲಿ ಈ ಮಿತಿ 1500 ಬೈಟ್. ಆದರೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಕಿ ಜೋಡಣೆಯಾಗುವ ಬ್ರಾಡ್‌ಬ್ಯಾಂಡ್‌ಗಳು ಪಿಪಿಪಿಒಇ ಎಂಬ ವಿಧಾನವನ್ನು ಬಳಸುತ್ತವೆ. 1999ರಲ್ಲಿ, ಟೆಲಿಫೋನ್ ತಂತಿಯ ಡಿಎಸ್ಎಲ್ ಹರಡುತ್ತಿದ್ದ ಕಾಲದಲ್ಲಿ, ಇದರ ವಿವರಣೆ ಆರ್‌ಎಫ್‌ಸಿ 2516 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. ಗ್ರಾಹಕರನ್ನು ಗುರುತಿಸಿ ಲೆಕ್ಕವಿಡಲು ಅನುಕೂಲವೆಂದು ಫೈಬರ್ ಬಂದ ಮೇಲೂ ಅನೇಕ ಸೇವಾದಾರರು ಇದನ್ನೇ ಉಳಿಸಿಕೊಂಡಿದ್ದಾರೆ. ಇದು ಲಕೋಟೆಯೊಳಗೆ ಇನ್ನೊಂದು ಲಕೋಟೆ ಇಟ್ಟಂತೆ. ಪಿಪಿಪಿಒಇ ತನ್ನ ತಲೆಬರಹಕ್ಕೆ (ಪ್ಯಾಕೆಟ್‌ನ ಮುಂದೆ ಸೇರುವ ವಿವರಗಳಿಗೆ) 6 ಬೈಟ್, ಅದರೊಳಗಿನ ಪಿಪಿಪಿ 2 ಬೈಟ್ ತೆಗೆದುಕೊಳ್ಳುವುದರಿಂದ ನಿಮ್ಮ ಪ್ಯಾಕೆಟ್‌ಗೆ ಉಳಿಯುವುದು 1492 ಮಾತ್ರ.

ಹಾಗಾದರೆ 1500ರ ಪ್ಯಾಕೆಟ್ ಬಂದಾಗ ಏನಾಗಬೇಕು? ಈಗಿನ ಕಂಪ್ಯೂಟರ್‌ಗಳು ಸಾಮಾನ್ಯವಾಗಿ ‘ಇದನ್ನು ತುಂಡರಿಸಬೇಡಿ’ ಎಂಬ ಗುರುತು ಹಾಕಿಯೇ ಪ್ಯಾಕೆಟ್ ಕಳುಹಿಸುತ್ತವೆ. ದಾರಿಯಲ್ಲಿ ಹಿಡಿಸದಿದ್ದರೆ ಅಲ್ಲಿನ ರೂಟರ್ ಅದನ್ನು ಬಿಟ್ಟುಬಿಟ್ಟು, ‘ದೊಡ್ಡದಾಯಿತು, ಇಷ್ಟಕ್ಕೆ ಇಳಿಸಿ’ ಎಂದು ಐಸಿಎಂಪಿ (ಜಾಲದ ತೊಂದರೆ ತಿಳಿಸುವ ವ್ಯವಸ್ಥೆ) ಸಂದೇಶವನ್ನು ಕಳುಹಿಸಿದವರಿಗೆ ಹಿಂದಿರುಗಿಸಬೇಕು. 1990ರ ಆರ್‌ಎಫ್‌ಸಿ 1191 ಹೇಳುವ ಕ್ರಮ ಇದು. ಕ್ರಮ ಚೆನ್ನಾಗಿದೆ, ಆದರೆ ಭದ್ರತೆಯ ಹೆಸರಿನಲ್ಲಿ ಐಸಿಎಂಪಿಯನ್ನು ಸಾರಾಸಗಟಾಗಿ ತಡೆಯುವ ಫೈರ್‌ವಾಲ್‌ಗಳು ಬಹಳ ಇವೆ. ಆಗ ಸರ್ವರ್‌ಗೆ ಸುದ್ದಿ ಮುಟ್ಟುವುದಿಲ್ಲ. ಅದು ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳುಹಿಸುತ್ತದೆ, ಅದು ಮತ್ತೆ ಮತ್ತೆ ಬಿದ್ದುಹೋಗುತ್ತದೆ. ಈ ವೃತ್ತಿಯವರು ಇದನ್ನು ಕಪ್ಪುಕುಳಿ ಎನ್ನುತ್ತಾರೆ.

ಬ್ಯಾಂಕಿನ ಪುಟ ಬಿಳಿಯಾಗಿಯೇ ಉಳಿಯುವುದೂ ಇದರಿಂದಲೇ ಇರಬೇಕು. ಸಂಪರ್ಕ ಆರಂಭಿಸುವ ಪ್ಯಾಕೆಟ್‌ಗಳು ಚಿಕ್ಕವಾದ್ದರಿಂದ ದಾಟಿಕೊಳ್ಳುತ್ತವೆ. ಅನಂತರ ಸರ್ವರ್ ತನ್ನ ಭದ್ರತಾ ಪ್ರಮಾಣಪತ್ರಗಳನ್ನು ಕಳುಹಿಸುತ್ತದೆ. ಅವು ಹಲವು ಸಾವಿರ ಬೈಟ್‌ಗಳಷ್ಟಿರುವುದರಿಂದ ತುಂಬಿದ ಪ್ಯಾಕೆಟ್‌ಗಳಲ್ಲೇ ಹೊರಡುತ್ತವೆ, ಮತ್ತು ಅಲ್ಲೇ ಸಿಕ್ಕಿಬೀಳುತ್ತವೆ. ಯೂಟ್ಯೂಬ್ ಬಳಸುವ ಕ್ವಿಕ್ ಎಂಬ ಹೊಸ ವಿಧಾನವಾದರೋ ಕನಿಷ್ಠ 1200 ಬೈಟ್‌ನಿಂದ ಆರಂಭಿಸಿ, ಅದಕ್ಕಿಂತ ದೊಡ್ಡದು ಹೋಗುತ್ತದೆಯೇ ಎಂದು ತಾನೇ ಪರೀಕ್ಷಿಸಿ ನೋಡಿದ ಮೇಲಷ್ಟೇ ಗಾತ್ರವನ್ನು ಏರಿಸುವುದರಿಂದ ಈ ಕುಳಿಗೆ ಸುಲಭವಾಗಿ ಬೀಳುವುದಿಲ್ಲ. ವೇಗ ಪರೀಕ್ಷೆಯ ಸರ್ವರ್ ನಿಮ್ಮ ಸೇವಾದಾರರದ್ದೇ. ಅದು ಮೊದಲೇ ಚಿಕ್ಕ ಗಾತ್ರಕ್ಕೆ ಒಪ್ಪಿಕೊಂಡಿದ್ದರೆ ಅಲ್ಲಿಯೂ ತೊಂದರೆ ಕಾಣುವುದಿಲ್ಲ.

ಈಗ ಅಳೆಯೋಣ. ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಪಿಂಗ್ ಆಜ್ಞೆಯನ್ನು ಬರೆದು, ಅಡ್ಡಗೆರೆಯೊಡನೆ ಸಣ್ಣ ಎಫ್ ಅಕ್ಷರ, ಅಡ್ಡಗೆರೆಯೊಡನೆ ಸಣ್ಣ ಎಲ್ ಅಕ್ಷರ, ಅದರ ಮುಂದೆ 1472, ಕೊನೆಗೆ 1.1.1.1 ಎಂಬ ವಿಳಾಸ, ಇವೆಲ್ಲವನ್ನೂ ನಡುನಡುವೆ ಜಾಗ ಬಿಟ್ಟು ಬರೆಯಿರಿ. ಎಫ್ ಎಂದರೆ ತುಂಡರಿಸಬೇಡ ಎಂಬ ಗುರುತು. ಎಲ್ ಎಂದರೆ ಒಳಗೆ ತುಂಬಬೇಕಾದ ಬೈಟ್‌ಗಳ ಸಂಖ್ಯೆ. ಅದಕ್ಕೆ ಐಪಿ ತಲೆಬರಹದ 20 ಮತ್ತು ಐಸಿಎಂಪಿ ತಲೆಬರಹದ 8 ಸೇರಿ 1500 ಆಗುತ್ತದೆ. ಅದು ಹೋಗದಿದ್ದರೆ 1464ರಿಂದ ಪ್ರಯತ್ನಿಸಿ, ಅಗತ್ಯವಿದ್ದರೆ ಇನ್ನೂ ಇಳಿಸುತ್ತ ಹೋಗಿ. ಯಾವ ಸಂಖ್ಯೆಗೆ ಉತ್ತರ ಬಂತು ಎಂಬುದರ ಜೊತೆಗೆ, ಉತ್ತರ ಬಾರದಾಗ ಪರದೆಯ ಮೇಲೆ ಏನು ಬರೆದು ಬಂತು ಎಂಬುದನ್ನೂ ದಯವಿಟ್ಟು ಗುರುತು ಹಾಕಿಕೊಳ್ಳಿ.

ಪ್ರಶ್ನಿಸಿದವರ ಮರುಬರಹ:

ಸರ್, 1464ಕ್ಕೆ ನಾಲ್ಕೂ ಉತ್ತರಗಳು ಬಂದವು, 1465ಕ್ಕೆ ಒಂದೂ ಬರಲಿಲ್ಲ. ಪ್ಯಾಕೆಟ್ ದೊಡ್ಡದಾಯಿತು ಎಂಬ ಸೂಚನೆಯೇನೂ ಇರಲಿಲ್ಲ, ಸಮಯ ಮೀರಿತು ಎಂದಷ್ಟೇ ಬಂತು. ರೂಟರ್‌ನ ಪುಟದಲ್ಲಿ ನೋಡಿದರೆ ಪಿಪಿಪಿಒಇ ಎಂದಿರುವ ಕಡೆ ಎಂಟಿಯು 1500 ಎಂದಿದೆ. ಹಾಕಿಕೊಡಲು ಬಂದವರು ಪೂರ್ತಿ ವೇಗ ಸಿಗಲೆಂದು ಹಾಗೆ ಇಟ್ಟಿದ್ದೇನೆ ಎಂದಿದ್ದರು.

ಉತ್ತರ:

1464ಕ್ಕೆ 28 ಕೂಡಿಸಿದರೆ 1492, ಲೆಕ್ಕ ಕೂಡಿಬಂತು. ಸಮಯ ಮೀರಿತು ಎಂಬ ಸಂದೇಶವೂ ಮುಖ್ಯವೇ. ರೂಟರ್‌ಗೆ ನಿಜವಾದ ಮಿತಿ ಗೊತ್ತಿದ್ದಿದ್ದರೆ ಅದೇ ಮುಂದೆ ಬಂದು ‘ತುಂಡರಿಸಬೇಕಾಗಿದೆ’ ಎಂದು ತಿಳಿಸುತ್ತಿತ್ತು. 1500 ಹಿಡಿಸುತ್ತದೆ ಎಂದು ನಂಬಿಕೊಂಡಿರುವುದರಿಂದ ಅದು ದೊಡ್ಡ ಪ್ಯಾಕೆಟ್‌ಗಳನ್ನು ಹೊರಗೆ ಬಿಡುತ್ತಿದೆ, ಅವು ಮುಂದೆ ಸದ್ದಿಲ್ಲದೆ ಬಿದ್ದುಹೋಗುತ್ತಿವೆ. ನಿಮ್ಮ ಪಿಡಿಎಫ್ ಅರ್ಧದಲ್ಲಿ ನಿಂತದ್ದು ಹೀಗೆ.

ರೂಟರ್‌ನ ಆ ಸ್ಥಳದಲ್ಲಿ 1492 ಎಂದು ಬರೆದು ಉಳಿಸಿ, ರೂಟರನ್ನು ಒಮ್ಮೆ ಆರಿಸಿ ಹಚ್ಚಿ. ಎಂಎಸ್ಎಸ್ ಕ್ಲ್ಯಾಂಪಿಂಗ್ ಎಂಬ ಆಯ್ಕೆ ಕಂಡರೆ ಅದನ್ನೂ ಚಾಲೂ ಮಾಡಿ. ಅನೇಕ ರೂಟರ್‌ಗಳಲ್ಲಿ ಅದು ಕಣ್ಣಿಗೆ ಕಾಣದೆಯೇ ತಾನಾಗಿ ನಡೆಯುತ್ತದೆ. ಟಿಸಿಪಿ (ಜಾಲತಾಣ, ಮಿಂಚಂಚೆಗಳು ಸಾಮಾನ್ಯವಾಗಿ ಬಳಸುವ ವಿಧಾನ) ಸಂಪರ್ಕ ಆರಂಭವಾಗುವಾಗ ಎರಡೂ ಕಡೆಯವರು ‘ನನಗೆ ಇಷ್ಟು ಬೈಟ್‌ನ ತುಣುಕುಗಳಲ್ಲಿ ಕಳುಹಿಸು’ ಎಂದು ಹೇಳಿಕೊಳ್ಳುತ್ತಾರೆ. ಆ ಮಾತನ್ನು ರೂಟರ್ ನಡುವೆಯೇ 1460ರಿಂದ 1452ಕ್ಕೆ ತಿದ್ದಿಬಿಡುತ್ತದೆ, ಅಂದರೆ 1492ರಲ್ಲಿ ಐಪಿಯ 20 ಮತ್ತು ಟಿಸಿಪಿಯ 20 ಕಳೆದಷ್ಟು. ಹೀಗಾದರೆ ಬ್ಯಾಂಕಿನ ಸರ್ವರ್ ಮೊದಲಿನಿಂದಲೇ ಹಿಡಿಸುವ ಗಾತ್ರದಲ್ಲಿ ಕಳುಹಿಸುತ್ತದೆ, ಐಸಿಎಂಪಿ ತಲುಪಲಿ ಬಿಡಲಿ. ಸಿಡಿಲಿಗೆ ಹೋದ ನಿಮ್ಮ ಹಳೆಯ ರೂಟರ್ ಬಹುಶಃ ಇದನ್ನೇ ಮಾಡುತ್ತಿತ್ತು.

ಲ್ಯಾಪ್‌ಟಾಪ್, ಫೋನ್, ಟಿವಿಗಳಲ್ಲಿ ಏನನ್ನೂ ಬದಲಿಸಬೇಡಿ, ಅವು 1500ರಲ್ಲೇ ಇರಲಿ. ಮಿತಿ ಇರುವುದು ಮನೆಯ ಹೊಸ್ತಿಲಲ್ಲಿ, ತಿದ್ದುವುದೂ ಅಲ್ಲೇ ಆಗಬೇಕು.

ಇದನ್ನು ಓದುವ ಇತರರಿಗೆ ಒಂದು ಮಾತು. ಇವರ ಮನೆಯಲ್ಲಿ ಫೈಬರ್ ಮೋಡೆಮ್ ಬ್ರಿಡ್ಜ್ ಆಗಿದ್ದು, ಅಂದರೆ ಬಂದದ್ದನ್ನು ಹಾಗೆಯೇ ದಾಟಿಸುತ್ತಿದ್ದು, ಪಾಸ್‌ವರ್ಡ್ ಇರುವುದು ರೂಟರ್‌ನಲ್ಲಿ. ನಿಮ್ಮಲ್ಲಿ ಮೋಡೆಮ್ಮೇ ಆ ಕೆಲಸ ಮಾಡುತ್ತಿದ್ದರೆ 1492 ಇರಬೇಕಾದದ್ದು ಮೋಡೆಮ್‌ನಲ್ಲಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ಸರ್, ನನ್ನ ಮಗ ಆನ್‌ಲೈನ್ ಆಟಕ್ಕಾಗಿ ಕಂಪ್ಯೂಟರ್‌ನ ಎಂಟಿಯುವನ್ನು 576ಕ್ಕೆ ಇಳಿಸಿದ್ದಾನೆ. ಚಿಕ್ಕ ಪ್ಯಾಕೆಟ್ ಬೇಗ ತಲುಪುತ್ತದೆ ಎನ್ನುತ್ತಾನೆ. ಇದು ನಿಜವೇ?

ಉತ್ತರ:

ಒಂದು ಕಾಲದಲ್ಲಿ ಈ ಮಾತಿಗೆ ಆಧಾರವಿತ್ತು. 56 ಕೆಬಿಪಿಎಸ್ ಡಯಲ್-ಅಪ್ ಮೋಡೆಮ್‌ನಲ್ಲಿ 1500 ಬೈಟ್‌ನ ಒಂದು ಪ್ಯಾಕೆಟ್ ಹೊರಬೀಳಲು ಸುಮಾರು 214 ಮಿಲಿಸೆಕೆಂಡ್ ಬೇಕಾಗುತ್ತಿತ್ತು, ಅದರ ಹಿಂದೆ ನಿಂತ ಆಟದ ಪ್ಯಾಕೆಟ್ ಅಷ್ಟು ಹೊತ್ತು ಕಾಯಬೇಕಿತ್ತು. ಇಂದಿನ 100 ಎಂಬಿಪಿಎಸ್‌ನಲ್ಲಿ ಅದೇ ಪ್ಯಾಕೆಟ್ 0.12 ಮಿಲಿಸೆಕೆಂಡ್‌ನಲ್ಲಿ ಹೊರಡುತ್ತದೆ. ಆಟದ ಪ್ಯಾಕೆಟ್‌ಗಳು ಹೇಗೂ ಚಿಕ್ಕವೇ. 576ಕ್ಕೆ ಇಳಿಸಿದ್ದರಿಂದ ಪ್ರತಿ ಪ್ಯಾಕೆಟ್‌ನ 40 ಬೈಟ್ ತಲೆಬರಹದ ಪಾಲು ಶೇಕಡಾ 2.7ರಿಂದ ಸುಮಾರು 7ಕ್ಕೆ ಏರಿ ಡೌನ್‌ಲೋಡ್‌ಗೆ ನಷ್ಟವಾಯಿತೇ ಹೊರತು ಆಟಕ್ಕೆ ಲಾಭವಾಗಲಿಲ್ಲ. ಮೇಲಾಗಿ ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಸಂಪರ್ಕಕ್ಕೆ ಕನಿಷ್ಠ 1280 ಇರಲೇಬೇಕು. ಅದಕ್ಕಿಂತ ಇಳಿಸಿದ ಕಂಪ್ಯೂಟರ್‌ನಲ್ಲಿ ಐಪಿವಿ6 ಕೆಲಸ ಮಾಡಲಾರದು. ದಯವಿಟ್ಟು 1500ಕ್ಕೆ ಹಿಂದಿರುಗಿಸಿ, ಕಂಪ್ಯೂಟರನ್ನು ವೈಫೈ ಬಿಟ್ಟು ತಂತಿಯಲ್ಲಿ ಜೋಡಿಸಿ ನೋಡಿ.

ಮೊದಲು ಪ್ರಶ್ನಿಸಿದವರು:

ಸರ್, 1492 ಹಾಕಿದ ಕೂಡಲೇ ಬ್ಯಾಂಕಿನ ಪುಟ ತೆರೆಯಿತು, ಪಿಡಿಎಫ್ ಕೂಡ ಹೋಯಿತು. ತುಂಬಾ ಉಪಕಾರವಾಯಿತು. ಉಳಿದದ್ದು ಒಂದೇ: ಹುಬ್ಬಳ್ಳಿಯ ವ್ಯಾಪಾರಸ್ಥರೊಬ್ಬರ ಕಚೇರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ (ಗುಪ್ತ ಸಂಪರ್ಕದ ತಂತ್ರಾಂಶ) ಮೂಲಕ ಹೋಗುತ್ತೇನೆ. ಸಂಪರ್ಕವಾಗುತ್ತದೆ, ಕಡತಗಳ ಹೆಸರುಗಳೂ ಕಾಣುತ್ತವೆ, ತೆರೆಯಲು ಹೋದರೆ ತಡವರಿಸುತ್ತದೆ.

ಉತ್ತರ:

ಅದು ಮೂರನೆಯ ಲಕೋಟೆ. ವೈರ್‌ಗಾರ್ಡ್ ಹಳೆಯ ಪದ್ಧತಿಯಾದ ಐಪಿವಿ4ರ ಮೇಲೆ 60, ಐಪಿವಿ6ರ ಮೇಲೆ 80 ಬೈಟ್ ತೆಗೆದುಕೊಳ್ಳುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಾಣುವ 1420 ಎಂಬ ಅಂಕಿ 1500ರಲ್ಲಿ 80 ಕಳೆದು ಬಂದದ್ದು. ನಿಮ್ಮ ದಾರಿ 1492 ಆದ್ದರಿಂದ ಸಂಪರ್ಕ ಐಪಿವಿ6ರ ಮೇಲೆ ನಡೆಯುತ್ತಿದ್ದರೆ 1420 ಹಿಡಿಸುವುದಿಲ್ಲ. ವೈರ್‌ಗಾರ್ಡ್‌ನ ಸಂಯೋಜನೆಯಲ್ಲಿ, ನಿಮ್ಮ ವಿಳಾಸ ಬರೆದಿರುವ ಭಾಗದಲ್ಲೇ, ಎಂಟಿಯು 1412 ಎಂದು ಸೇರಿಸಿ; ಕಚೇರಿಯ ತುದಿಯಲ್ಲೂ ಅಷ್ಟನ್ನೇ ಇಡಲು ಅಲ್ಲಿಯವರಿಗೆ ತಿಳಿಸಿ. ಆಗಲೂ ತಡವರಿಸಿದರೆ ಕಚೇರಿಯ ಕಡೆಯ ದಾರಿ ಇನ್ನೂ ಚಿಕ್ಕದಿರಬಹುದು, ಅಲ್ಲಿಂದಲೂ ಇದೇ ರೀತಿ ಅಳೆಸಿ.

ಐಪಿವಿ6ರಲ್ಲಿ ನಡುದಾರಿಯ ರೂಟರ್‌ಗಳು ಪ್ಯಾಕೆಟನ್ನು ತುಂಡರಿಸುವುದೇ ಇಲ್ಲ, ಎಲ್ಲವೂ ಹಿಂದಿರುಗುವ ಸಂದೇಶವನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ರೂಟರ್‌ನ ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನು ಪೂರ್ತಿ ತಡೆಯುವ ಆಯ್ಕೆ ಚಾಲೂ ಇದ್ದರೆ ತೆಗೆಯಿರಿ.

ಕೊನೆಗೆ, 1492 ಮತ್ತು 1412 ಎಂಬ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ರೂಟರ್‌ನ ಬೆನ್ನಿಗೆ ಅಂಟಿಸಿಡಿ. ರೂಟರನ್ನು ಯಾರಾದರೂ ರೀಸೆಟ್ ಮಾಡಿದರೆ, ಅಥವಾ ಮುಂದಿನ ಮಳೆಗಾಲದ ಸಿಡಿಲಿಗೆ ಮತ್ತೆ ಹೊಸದು ಬಂದರೆ, ಹಾಕಲು ಬಂದವರಿಗೆ ಅದನ್ನು ತೋರಿಸಬಹುದು.