ನುಕು ಹಿವಾದ ಬಂದರಿಗೆ ಹಾಯಿದೋಣಿಯಲ್ಲಿ ತಲುಪುವಾಗ ಕತ್ತಲಾದರೆ ಹೊರಗೇ ಕಾಯಬೇಕೇ?

ಪ್ರಶ್ನೆ: ಕುಂಬಳೆಯವ

ಎಲ್ಲರಿಗೂ ನಮಸ್ಕಾರ. ನಾನು ಸರಕು ಹಡಗುಗಳ ಎಂಜಿನ್ ವಿಭಾಗದಲ್ಲಿ ಹನ್ನೆರಡು ವರ್ಷ ದುಡಿದವನು. ಬರುವ ಮಾರ್ಚ್‌ನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ನಲವತ್ತು ಅಡಿಯ ಹಾಯಿದೋಣಿಯಲ್ಲಿ ಪನಾಮಾದಿಂದ ಹೊರಟು, ಫ್ರೆಂಚ್ ಪಾಲಿನೇಷ್ಯಕ್ಕೆ ಸೇರಿದ ಮಾರ್ಕೇಸಸ್ ದ್ವೀಪಗಳ ಪೈಕಿ ನುಕು ಹಿವಾಕ್ಕೆ ಹೋಗುವವನಿದ್ದೇನೆ. ಗಲಾಪಗೋಸ್ ದಾಟಿದ ಮೇಲೆ ಸುಮಾರು 3,000 ನಾಟಿಕಲ್ ಮೈಲು ನೀರಲ್ಲದೆ ಬೇರೇನೂ ಇಲ್ಲ. ಗಂಟೆಗೆ ಐದಾರು ಮೈಲು ಸಾಗಿದರೂ ಮೂರು ವಾರ ಹಿಡಿಯುತ್ತದೆ. ದ್ವೀಪ ಕಣ್ಣಿಗೆ ಬಿದ್ದರೂ ಸಂಜೆಯಾಗಿದ್ದರೆ ಒಳಗೆ ಹೋಗುವುದಿಲ್ಲ, ರಾತ್ರಿಯೆಲ್ಲ ಹೊರಗೇ ನಿಲ್ಲುತ್ತೇವೆ ಎಂದು ದೋಣಿಯ ಯಜಮಾನರು ಈಗಲೇ ಹೇಳಿಬಿಟ್ಟಿದ್ದಾರೆ. ಜಿಪಿಎಸ್, ರಾಡಾರ್ ಎರಡೂ ಇರುವಾಗ ಇದು ಅತಿಯಾದ ಅಂಜಿಕೆಯಲ್ಲವೇ? ಇನ್ನೊಂದು ಸಣ್ಣ ಸಂದೇಹ: ಅಮ್ಮ ಹಪ್ಪಳ, ಮಿಡಿ ಉಪ್ಪಿನಕಾಯಿಯ ಜೊತೆಗೆ ಮನೆಯ ಒಣಕೊಬ್ಬರಿಯನ್ನೂ ಕಟ್ಟಿಕೊಡುವ ಉತ್ಸಾಹದಲ್ಲಿದ್ದಾರೆ. ಅಲ್ಲಿನ ಅಧಿಕಾರಿಗಳು ಆಕ್ಷೇಪಿಸುತ್ತಾರೆಯೇ?

ಉತ್ತರ: ಕೋಟಿಕುಳಂ ನಾವಿಕ (ನಿವೃತ್ತ)

ನಿಮ್ಮ ಯಜಮಾನರ ಮಾತನ್ನು ಕೇಳಿ. ದೊಡ್ಡ ಹಡಗಿನಲ್ಲಿದ್ದಾಗ ದಾರಿ ತೋರಲು ಬಂದರಿನ ಪೈಲಟ್ ಹತ್ತಿ ಬರುತ್ತಿದ್ದರು, ನೀವು ಕೆಳಗೆ ಎಂಜಿನ್ ನೋಡಿಕೊಂಡಿದ್ದಿರಿ. ಇಲ್ಲಿ ಪೈಲಟ್ ಇಲ್ಲ. ಮುಂಭಾಗದಲ್ಲಿ ನಿಂತು ಕಣ್ಣಿಂದ ನೋಡುವವರು ನೀವೇ. ಪೆಸಿಫಿಕ್‌ನ ಎಷ್ಟೋ ಕಡೆ ನಕ್ಷೆಗಳು ಬಹಳ ಹಳೆಯ ಅಳತೆಯವು. ನಿಮ್ಮ ದೋಣಿ ಎಲ್ಲಿದೆಯೆಂದು ಜಿಪಿಎಸ್ ಸರಿಯಾಗಿಯೇ ಹೇಳುತ್ತದೆ, ಆದರೆ ಬಂಡೆ ಎಲ್ಲಿದೆಯೆಂಬುದನ್ನು ನಕ್ಷೆ ಹೇಳಬೇಕು, ಅದು ತಪ್ಪಾಗಿರಬಹುದು.

ನಾನು ಒಮ್ಮೆ ಅದೇ ನುಕು ಹಿವಾದ ತೈಯೊಹಾಯೆ ಕೊಲ್ಲಿಗೆ ಹಾಯಿದೋಣಿಯಲ್ಲಿ ಹೋಗಿದ್ದೆ. ಸಂಜೆ ಐದರ ಹೊತ್ತಿಗೆ ದ್ವೀಪ ಮೋಡದ ಕೆಳಗೆ ಕಪ್ಪಗೆ ಕಂಡಿತು; ಆ ಅಕ್ಷಾಂಶದಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗಿ, ಸಂಜೆಗತ್ತಲೆಂಬುದೇ ಇಲ್ಲದಂತೆ ಥಟ್ಟನೆ ಇರುಳಾಗುತ್ತದೆ. ದೊಡ್ಡ ಹಾಯಿಯನ್ನು ಕುಗ್ಗಿಸಿ, ಮುಂದಿನ ಚಿಕ್ಕ ಹಾಯಿಯನ್ನು ಗಾಳಿಗೆ ವಿರುದ್ಧವಾಗಿ ಬಿಗಿದು, ಚುಕ್ಕಾಣಿಯನ್ನು ಒಂದು ಕಡೆಗೆ ಕಟ್ಟಿದೆವು. ಹೀಗೆ ಮಾಡಿದರೆ ದೋಣಿ ಮುಂದೆ ಸಾಗದೆ ನಿಧಾನವಾಗಿ ಒಂದೇ ದಿಕ್ಕಿಗೆ ಜಾರುತ್ತಿರುತ್ತದೆ. ಸರದಿಯ ಮೇಲೆ ಕಾವಲು ಕುಳಿತೆವು. ನಡುರಾತ್ರಿಯ ನಂತರ ಗಾಳಿ ತುಸು ತಿರುಗಿದಾಗ ಒದ್ದೆ ಮಣ್ಣಿನ ಮತ್ತು ಸೌದೆ ಹೊಗೆಯ ವಾಸನೆ ಬಂತು. ಇಪ್ಪತ್ತೆರಡು ದಿನ ಉಪ್ಪು, ಡೀಸೆಲ್ ಬಿಟ್ಟು ಬೇರೆ ವಾಸನೆ ಕಾಣದವನಿಗೆ ಅದು ಮೊದಲ ಮಳೆಗೆ ಅಂಗಳ ನೆನೆದಂತಿತ್ತು. ಬೆಳಗಾದ ಮೇಲೆ ಕೊಲ್ಲಿಯ ಬಾಯಿಯ ಎರಡೂ ಬದಿಗೆ ಕಾವಲುಗಾರರೆಂದು ಕರೆಯುವ ಬಂಡೆಗಳನ್ನು ನೋಡಿಕೊಂಡು ನಿಶ್ಚಿಂತೆಯಿಂದ ಒಳಗೆ ಹೋದೆವು. ಮರುರಾತ್ರಿ ಬಂದ ಇನ್ನೊಂದು ದೋಣಿಯವರು ಜಿಪಿಎಸ್ ಪರದೆಯನ್ನಷ್ಟೇ ನಂಬಿ ಒಳನುಗ್ಗಿ ನಮ್ಮ ಲಂಗರಿನ ಸರಪಳಿಯ ಮೇಲೆಯೇ ತಮ್ಮ ಲಂಗರು ಬಿಟ್ಟರು. ಬಿಡಿಸಲು ಮರುದಿನ ಮಧ್ಯಾಹ್ನದವರೆಗೆ ನೀರಿನಲ್ಲಿ ಮುಳುಗಿ ಏಳಬೇಕಾಯಿತು.

ಒಳಗೆ ಹೋದೊಡನೆ ಹಳದಿ ಬಾವುಟ ಏರಿಸಬೇಕು. ನಮ್ಮಲ್ಲಿ ರೋಗವಿಲ್ಲ, ತಪಾಸಣೆಗೆ ಸಿದ್ಧರಿದ್ದೇವೆ ಎಂಬುದು ಅದರ ಅರ್ಥ. ಪ್ರವೇಶದ ವಿಧಿಗಳು ಮುಗಿಯುವವರೆಗೆ ಅದನ್ನು ಇಳಿಸಬಾರದು. ಅಲ್ಲಿ ಜೆಂಡಾರ್ಮರಿ ಎಂಬ ಪೊಲೀಸ್ ಠಾಣೆಯಲ್ಲಿ ಪಾಸ್‌ಪೋರ್ಟ್, ಸಿಬ್ಬಂದಿ ಪಟ್ಟಿ, ದೋಣಿಯ ನೋಂದಣಿ, ಹಿಂದಿನ ಬಂದರಿನ ನಿರ್ಗಮನ ಪತ್ರ ತೋರಿಸಬೇಕು.

ಉತ್ತರ: ಬದಿಯಡ್ಕ ತೋಟ

ಸಮುದ್ರದ ವಿಷಯ ನನ್ನದಲ್ಲ, ಕೊಬ್ಬರಿಯ ವಿಷಯ ಹೇಳುತ್ತೇನೆ: ದಯವಿಟ್ಟು ಒಯ್ಯಬೇಡಿ. ನಮ್ಮ ತೆಂಗಿನ ಸುಳಿಯನ್ನು ಕೊರೆದು, ಬಿಚ್ಚಿಕೊಂಡ ಗರಿಯಲ್ಲಿ ಕತ್ತರಿ ಆಡಿಸಿದ ಹಾಗೆ ತ್ರಿಕೋನದ ಗುರುತು ಉಳಿಸುವ ಕುರುವಾಯಿ ದುಂಬಿಯನ್ನು ನೀವು ಕಂಡೇ ಇದ್ದೀರಿ. ಅದು ನಮ್ಮ ಏಷ್ಯದ ಕೀಟ. ಪೆಸಿಫಿಕ್‌ಗೆ ಕಾಲಿಟ್ಟದ್ದು 1909ರಲ್ಲಿ, ಸಿಲೋನಿನಿಂದ ಸಮೋವಾಕ್ಕೆ ಹೋದ ರಬ್ಬರ್ ಗಿಡಗಳ ಜೊತೆಗೆ. 2007ರಲ್ಲಿ ಗುವಾಮ್‌ನಲ್ಲಿ ಕಾಣಿಸಿಕೊಂಡಿತು. ಒಣಕೊಬ್ಬರಿಯೊಳಗೆ ಕುರುವಾಯಿ ಕುಳಿತಿರುವುದಿಲ್ಲ ನಿಜ, ಆದರೆ ಬೇರೆ ಹುಳುಗಳು ಇರುತ್ತವೆ, ಮತ್ತು ಕೊಬ್ಬರಿಯನ್ನೇ ಹಡಗಿಗೆ ತುಂಬಿ ತಾಹಿತಿಗೆ ಕಳುಹಿಸಿ ಬದುಕುವ ಜನರ ಊರಿಗೆ ಕೊಬ್ಬರಿ ಹೊತ್ತು ಹೋಗುವುದೇ ವಿಚಿತ್ರ. ಅಮ್ಮನಿಗೆ ಹೀಗೆಯೇ ಹೇಳಿ. ಅಲ್ಲಿ ನಿಮಗೆ ಜೀಗುಜ್ಜೆಯೂ ಧಾರಾಳವಾಗಿ ಸಿಗುತ್ತದೆ, ಅವರಿಗೆ ಅದು ಅನ್ನವಿದ್ದಂತೆ.

ಉತ್ತರ: ಕಸಬ ಕಡಪ್ಪುರ

ಎರಡು ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಇದೆಯೆಂದು ನಿಶ್ಚಿಂತರಾಗಬೇಡಿ. ಫ್ರೆಂಚ್ ಪಾಲಿನೇಷ್ಯ ಆ ವಲಯದಲ್ಲಿಲ್ಲ, ವೀಸಾದ ಮೇಲೆ ಅದರ ಹೆಸರು ಇರಬೇಕು.

ನೀವು ಮುಂದೆ ತುವಾಮೋಟು ಹವಳದ್ವೀಪಗಳ ಕಡೆಗೂ ಹೋಗುವುದಾದರೆ ನಮ್ಮ ಚಂದ್ರಗಿರಿಯ ಅಳಿವೆಯನ್ನು ನೆನಪಿಟ್ಟುಕೊಳ್ಳಿ. ಇಳಿತದ ನೀರು ಹೊರಗೆ ಹರಿಯುವಾಗ ಎದುರಿನಿಂದ ಸಮುದ್ರದ ಅಲೆ ಬಂದರೆ ಅಳಿವೆಯಲ್ಲಿ ನೀರು ಗೋಡೆಯಂತೆ ಎದ್ದು ನಿಲ್ಲುತ್ತದೆ, ಹಿರಿಯರು ಆಗ ದೋಣಿ ಹಾಕುತ್ತಿರಲಿಲ್ಲ. ಬಳೆಯಂಥ ಹವಳದ ದಿಬ್ಬದ ನಡುವಿನ ನೀರಿಗೆ ಇಕ್ಕಟ್ಟಾದ ಬಾಯಿಯ ಮೂಲಕ ಹೋಗಬೇಕಾದ ಅಲ್ಲಿಯೂ ಅದೇ ಕಥೆ, ಆದರೆ ಒಂದು ವ್ಯತ್ಯಾಸವಿದೆ: ಗಾಳಿಯ ಕಡೆಯ ಹವಳದ ದಿಬ್ಬದ ಮೇಲಿಂದ ಅಲೆಗಳು ಒಳಗೆ ನೀರು ಸುರಿಯುತ್ತಲೇ ಇರುವುದರಿಂದ, ಅಲೆ ಜೋರಾಗಿರುವ ದಿನಗಳಲ್ಲಿ ಭರತದ ಹೊತ್ತಿಗೂ ನೀರು ಹೊರಗೇ ಹರಿಯಬಹುದು. ಹರಿವು ನಿಂತ ಹೊತ್ತು, ಸೂರ್ಯ ಮೇಲೆ ಮತ್ತು ಬೆನ್ನ ಹಿಂದೆ ಇರುವಾಗ ಮಾತ್ರ ಒಳಗೆ ಹೋಗಬೇಕು. ಆಗಲೇ ಹವಳ ಕಂದುಬಣ್ಣಕ್ಕೂ ಆಳದ ನೀರು ನೀಲಿಗೂ ಬೇರ್ಪಟ್ಟು ಕಾಣುತ್ತದೆ.

ಪ್ರಶ್ನೆ ಕೇಳಿದವರು: ಕುಂಬಳೆಯವ

ಎಲ್ಲರಿಗೂ ಕೃತಜ್ಞತೆಗಳು. ಕಾಯುವ ವಿಷಯದಲ್ಲಿ ಯಜಮಾನರೊಡನೆ ಇನ್ನು ವಾದವಿಲ್ಲ. ವೀಸಾದ ಅರ್ಜಿಯನ್ನು ಮತ್ತೊಮ್ಮೆ ತೆರೆದು ನೋಡಿದೆ, ತಿದ್ದುವುದಿದೆ. ಕೊಬ್ಬರಿ ಮನೆಯಲ್ಲೇ ಉಳಿಯುತ್ತದೆ, ಹಪ್ಪಳ ಬರುತ್ತದೆ. ನುಕು ಹಿವಾದ ಗಡಿಯಾರ ನಮ್ಮದಕ್ಕಿಂತ ಸರಿಯಾಗಿ 15 ಗಂಟೆ ಹಿಂದೆ ಇರುವುದರಿಂದ, ಅಲ್ಲಿ ಬೆಳಗ್ಗೆ ಆರಕ್ಕೆ ಕೊಲ್ಲಿಯೊಳಗೆ ಹೊರಟರೆ ಇಲ್ಲಿ ಅದೇ ದಿನ ರಾತ್ರಿ ಒಂಬತ್ತಾಗಿರುತ್ತದೆ. ಆ ರಾತ್ರಿ ಊಟ ಮುಗಿಸಿ ಫೋನಿನ ಹತ್ತಿರ ಕುಳಿತಿರಲು ಅಮ್ಮನಿಗೆ ಹೇಳಿದ್ದೇನೆ.