ಪದಚರ್ಚೆ: ರನ್‌ಆಫ್‌ಗೆ ‘ಹರಿವು’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ನದಿಯ ಜಲಾನಯನ ಪ್ರದೇಶದಲ್ಲಿ ಸುರಿದ ಮಳೆಯಲ್ಲಿ ಎಷ್ಟು ಪಾಲು ಹರಿದು ಹಳ್ಳ ಸೇರುತ್ತದೆ? ಇದನ್ನು ಜಿಐಎಸ್ ನಕ್ಷೆಗಳಿಂದ (ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ನೋಡಬಲ್ಲ ನಕ್ಷೆಗಳು) ಅಂದಾಜು ಮಾಡುವ ಬಗ್ಗೆ ಬರೆಯುತ್ತಿದ್ದೇನೆ. ಹೀಗೆ ಹರಿದುಹೋಗುವ ಮಳೆನೀರಿಗೆ ಇಂಗ್ಲಿಷಿನಲ್ಲಿರುವ ‘ರನ್‌ಆಫ್’ ಪದ ಬಂದಲ್ಲಿ ಬರವಣಿಗೆ ನಿಂತಿದೆ.

‘ಹರಿವು’ ಎಂದು ಬರೆಯುವುದುಂಟು. ಆದರೆ ನದಿಯಲ್ಲಿ ಹೋಗುವ ನೀರಿಗೂ ಅದೇ ಪದ. ನದಿಯ ಹರಿವನ್ನು ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಅಳೆಯುತ್ತಾರೆ. ಅದರಲ್ಲಿ ನೆಲದೊಳಗಿಂದ ಒಸರಿದ ನೀರೂ ಇರುತ್ತದೆ. ಮಳೆ ನಿಂತ ಮೇಲೂ ಎಷ್ಟೋ ನದಿಗಳು ಹರಿಯುವುದು ಆ ಒಸರಿನಿಂದಲೇ. ನನಗೆ ಪದ ಬೇಕಿರುವುದು ಇಂಗದೆ, ಇಳಿಜಾರು ಹಿಡಿದು ಹೋಗುವ ಮಳೆನೀರಿಗೆ.

ಇದರ ಲೆಕ್ಕಕ್ಕೆ ಹೆಚ್ಚಾಗಿ ಬಳಸುವುದು ಕರ್ವ್ ನಂಬರ್ ವಿಧಾನ. ಅಮೆರಿಕದಲ್ಲಿ 1950ರ ದಶಕದಲ್ಲಿ ರೂಪುಗೊಂಡದ್ದು. ಮಣ್ಣಿನ ನಕ್ಷೆಯ ಮೇಲೆ ನೆಲಬಳಕೆಯ ನಕ್ಷೆ ಇಟ್ಟು, ಪ್ರತಿ ತುಣುಕಿಗೂ 100 ಮೀರದ ಒಂದು ಸಂಖ್ಯೆ ಕೊಡುತ್ತಾರೆ. ಸಂಖ್ಯೆ ಜಾಸ್ತಿಯಾದಷ್ಟೂ ಇಂಗುವುದು ಕಡಿಮೆ. 100 ಮಿ.ಮೀ. ಮಳೆಗೆ, ಸಂಖ್ಯೆ 60 ಇರುವಲ್ಲಿ ಸುಮಾರು 19 ಮಿ.ಮೀ. ಹರಿದುಹೋಗುತ್ತದೆ. 80 ಇರುವಲ್ಲಿ ಸುಮಾರು 50 ಮಿ.ಮೀ. ಕಾಡು ಕಡಿದು ಮನೆ, ರಸ್ತೆ ಮಾಡಿದರೆ ಸಂಖ್ಯೆ ಏರುತ್ತದೆ, ನೆರೆಯ ಭಯವೂ ಏರುತ್ತದೆ. ಹಾಗಾಗಿ ಇದು ಎಲ್ಲರಿಗೂ ತಿಳಿಯಬೇಕಾದ ಲೆಕ್ಕ. ಇಲ್ಲಿ ‘ಹರಿವು 50 ಮಿ.ಮೀ.’ ಎಂದು ಬರೆದರೆ ಓದುವವರು ಹಳ್ಳದಲ್ಲಿ ನಿಂತ ನೀರಿನ ಆಳ ಅಂದುಕೊಳ್ಳಬಹುದು, ಅಲ್ವಾ?

‘ಹರಿನೀರು’ ಚೆನ್ನಾಗಿದೆ, ಆದರೆ ಹರಿಯುವ ಎಲ್ಲ ನೀರಿಗೂ ಹೊಂದುತ್ತದೆ. ನನ್ನ ಒಲವು ‘ಮೇಲ್ಹರಿವು’ ಕಡೆಗೆ. ನೆಲದ ಮೇಲಿನದು ಎಂಬುದು ಪದದಲ್ಲೇ ಇದೆ. ಇದಕ್ಕೆ ಜೋಡಿಯಾಗಿ ನೆಲದೊಳಗಿನದಕ್ಕೆ ‘ಒಳಹರಿವು’ ಅನ್ನೋಣ ಎಂದರೆ, ಅಣೆಕಟ್ಟೆಗೆ ಬರುವ ನೀರಿಗೆ ಪತ್ರಿಕೆಗಳು ಆಗಲೇ ಅದನ್ನು ಬಳಸುತ್ತಿವೆ. ಅಲ್ಲಿಗೆ ‘ಒಸರು’ ಎಂದೇ ಇಡಬಹುದೇ?

ಹಾಗೆಯೇ, ಜಲಾನಯನಕ್ಕೆ ಕೆಲವರು ‘ಅಚ್ಚುಕಟ್ಟು’ ಎನ್ನುತ್ತಾರೆ. ಅದು ಸರಿಯಲ್ಲ. ಕೆರೆಗೆ ನೀರು ಕೊಡುವ ನೆಲ ಬೇರೆ, ಕೆರೆಯಿಂದ ನೀರು ಪಡೆಯುವ ನೆಲ ಬೇರೆ.

ಇನ್ನೊಂದು ತೊಡಕಿದೆ. ನೀರು ಹರಿಯಲು ಶುರುವಾಗುವ ಮೊದಲು ಎಲೆಗಳು, ತಗ್ಗುಗಳು, ಮೇಲ್ಮಣ್ಣು ಒಂದಿಷ್ಟನ್ನು ಹಿಡಿದುಕೊಳ್ಳುತ್ತವೆ. ಸೂತ್ರದಲ್ಲಿ ಅದನ್ನು ಮೊದಲೇ ಕಳೆಯಬೇಕು. ‘ಆರಂಭಿಕ ನಷ್ಟ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಮಣ್ಣು ಕುಡಿದ ನೀರು ಬೇರಿಗೆ ಸಿಗುತ್ತದೆ, ಅದು ನಷ್ಟ ಹೇಗಾದೀತು? ‘ಮೊದಲ ಹಿಡಿತ’ ಎಂದರೆ ಅರ್ಥವಾಗುತ್ತದೆಯೇ? ಕೃಷಿ, ನೀರಾವರಿ ಕೆಲಸದಲ್ಲಿರುವವರು ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.