ಗದಗಿನ ಮುದ್ರಣಾಲಯದಲ್ಲಿ ಗುಂಪು ಪ್ರಾಜೆಕ್ಟ್: ತಡವಾಗುವ ಕೆಲಸಗಳನ್ನು ಎಲ್ಲಿಂದ ಅಳೆಯಲು ತೊಡಗಬೇಕು?

ಪ್ರಶ್ನೆ: ಧಾರವಾಡದ ಎಂ.ಬಿ.ಎ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಆಪರೇಷನ್ಸ್ ಮ್ಯಾನೇಜ್‌ಮೆಂಟ್ ವಿಷಯಕ್ಕೆ ನಾವು ಆರು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡಬೇಕಾಗಿದೆ. ನಿಜವಾದ ಉದ್ದಿಮೆಯೊಂದಕ್ಕೆ ಹೋಗಿ, ಅಲ್ಲಿಯ ಒಂದು ತೊಂದರೆಯನ್ನು ಗುರುತಿಸಿ, ತರಗತಿಯಲ್ಲಿ ಕಲಿತ ವಿಧಾನದಿಂದ ಅದಕ್ಕೆ ದಾರಿ ಸೂಚಿಸಬೇಕು ಎಂಬುದಷ್ಟೇ ನಮಗಿರುವ ಸೂಚನೆ. ನಮ್ಮಲ್ಲೊಬ್ಬ ಗದಗಿನವನಾದ್ದರಿಂದ, ಮುದ್ರಣ ಕಾಶಿ ಎಂದು ಹೆಸರಾದ ಆ ಊರಿನ ಮಧ್ಯಮ ಗಾತ್ರದ ಮುದ್ರಣಾಲಯವೊಂದನ್ನು ಆರಿಸಿಕೊಂಡೆವು. ಸಾವುಕಾರರು ಒಪ್ಪಿದ್ದಾರೆ, ಹಣಕಾಸಿನ ಲೆಕ್ಕವನ್ನು ಮಾತ್ರ ಕೇಳಬಾರದು ಎಂದಿದ್ದಾರೆ.

ಅಲ್ಲಿ ನಾಲ್ಕು ಬಣ್ಣದ ಆಫ್‌ಸೆಟ್ ಯಂತ್ರ ಒಂದು, ಒಂದೇ ಬಣ್ಣದವು ಎರಡು ಮತ್ತು ಕಟಿಂಗ್ ಯಂತ್ರ ಒಂದು ಇವೆ. ಮಡಿಸುವುದು, ಪಿನ್ ಹೊಡೆಯುವುದು, ಬೈಂಡಿಂಗ್ ಮಾಡುವುದು ಬಹುಪಾಲು ಕೈಕೆಲಸ. ಬಿಲ್ ಬುಕ್, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘಗಳ ಸ್ಮರಣ ಸಂಚಿಕೆ, ಶಾಲೆ ತೆರೆಯುವ ಮುನ್ನ ನೋಟ್‌ಬುಕ್, ವರ್ಷದ ಕೊನೆಗೆ ಕ್ಯಾಲೆಂಡರ್, ಹೀಗೆ ಬಗೆಬಗೆಯ ಕೆಲಸಗಳು ಬರುತ್ತವೆ. ಹೇಳಿದ ದಿನಕ್ಕೆ ಕೆಲಸ ಕೈಗೆ ಸಿಗುವುದಿಲ್ಲ ಎಂಬುದು ಗಿರಾಕಿಗಳ ದೂರು. ಇನ್ನೊಂದು ನಾಲ್ಕು ಬಣ್ಣದ ಯಂತ್ರ ತಂದರೆ ಎಲ್ಲವೂ ಸರಿಹೋದೀತು ಎಂಬುದು ಸಾವುಕಾರರ ಅನಿಸಿಕೆ.

ನಮ್ಮ ಗುಂಪಿನಲ್ಲಿ ಒಮ್ಮತವಿಲ್ಲ. ಇಬ್ಬರು ಇಡೀ ಪ್ರೆಸ್ಸನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಮಾಡೋಣ, ಅಂದರೆ ಅದರ ಮಾದರಿ ಕಟ್ಟಿ ಓಡಿಸಿ ನೋಡೋಣ ಎನ್ನುತ್ತಾರೆ. ಒಬ್ಬಳು ಬೇಡಿಕೆಯ ಮುನ್ನಂದಾಜು ಸಾಕು ಎನ್ನುತ್ತಾಳೆ. ಗದಗಿನ ಗೆಳೆಯ ಸ್ಟಾಪ್‌ವಾಚ್ ಹಿಡಿದು ಟೈಮ್ ಸ್ಟಡಿ ಮಾಡಲು ಸಿದ್ಧನಿದ್ದಾನೆ. ಇನ್ನೊಬ್ಬನು ಇದೆಲ್ಲವನ್ನೂ ಬಿಟ್ಟು, ಕಾಲೇಜಿಗೆ ಹತ್ತಿರವೆಂಬ ಒಂದೇ ಕಾರಣಕ್ಕೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ಪ್ರಯಾಣಿಕರ ಸರದಿಯನ್ನು ಅಧ್ಯಯನ ಮಾಡೋಣ ಎಂದು ಪಟ್ಟು ಹಿಡಿದಿದ್ದಾನೆ.

ಸದ್ಯಕ್ಕೆ ನಮ್ಮ ಕೈಗೆ ಸಿಕ್ಕಿರುವುದು ಜಾಬ್ ರಿಜಿಸ್ಟರ್ ಮಾತ್ರ. ಕೆಲಸ ಬಂದ ದಿನ, ಕೊಡುತ್ತೇವೆಂದು ಹೇಳಿದ ದಿನ, ನಿಜವಾಗಿ ಕೊಟ್ಟ ದಿನ, ಪ್ರತಿಗಳ ಸಂಖ್ಯೆ ಇವಿಷ್ಟು ಅದರಲ್ಲಿವೆ. ಯಾವ ಯಂತ್ರದ ಮೇಲೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಇಷ್ಟರಿಂದ ಏನನ್ನಾದರೂ ಹೇಳಲು ಸಾಧ್ಯವೇ? ಯಾವ ವಿಧಾನವನ್ನು ಮೊದಲು ಹಿಡಿಯಬೇಕು?

ಉತ್ತರ: ತಾರಿಹಾಳದ ಕಾರ್ಖಾನೆಯೊಂದರಲ್ಲಿ ಪ್ಲಾನಿಂಗ್ ಕೆಲಸ ಮಾಡುವವರು

ವಿಧಾನವನ್ನು ಆಮೇಲೆ ಆರಿಸಿಕೊಳ್ಳಿ. ನಿಮ್ಮ ರಿಜಿಸ್ಟರನ್ನು ನೀವು ಕಡಿಮೆ ಅಂದಾಜು ಮಾಡಿದ್ದೀರಿ ಎಂದು ನನಗೆ ತೋರುತ್ತದೆ. ಬಂದ ದಿನ ಮತ್ತು ಕೊಟ್ಟ ದಿನ ಎರಡೂ ಇದ್ದರೆ, ಯಾವ ದಿನ ಒಳಗೆ ಎಷ್ಟು ಜಾಬ್‌ಗಳಿದ್ದವು ಎಂಬುದನ್ನು ಎಕ್ಸೆಲ್ ಹಾಳೆಯಲ್ಲಿ ಎಣಿಸಿ ತೆಗೆಯಬಹುದು. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ: ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆಯು, ದಿನಕ್ಕೆ ಮುಗಿಯುವ ಕೆಲಸಗಳ ಸಂಖ್ಯೆಯನ್ನು ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ದಿನಗಳಿಂದ ಗುಣಿಸಿದಷ್ಟಿರುತ್ತದೆ. ದಿನಕ್ಕೆ ಸರಾಸರಿ 4 ಜಾಬ್ ಹೊರಬೀಳುತ್ತಿದ್ದು, ಒಳಗೆ ಸರಾಸರಿ 24 ಇದ್ದರೆ, ಒಂದೊಂದಕ್ಕೂ ಸರಾಸರಿ 6 ದಿನ ಹಿಡಿಯುತ್ತಿದೆ ಎಂದರ್ಥ. ಒಂದು ಲಗ್ನಪತ್ರಿಕೆಯ ನಿಜವಾದ ಕೆಲಸ ಆರೇಳು ಗಂಟೆಯದಾಗಿದ್ದರೆ, ಉಳಿದ ಹೊತ್ತೆಲ್ಲ ಅದು ಎಲ್ಲೋ ಒಂದು ಕಡೆ ಸುಮ್ಮನೆ ಬಿದ್ದುಕೊಂಡಿರುತ್ತದೆ. ಆ ಜಾಗ ಯಾವುದೆಂದು ಹುಡುಕುವುದೇ ನಿಮ್ಮ ಪ್ರಾಜೆಕ್ಟ್.

ಕೆಲಸಗಳ ಸರದಿಯನ್ನು ಬದಲಿಸಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಕಲ್ಪಿತ ಲೆಕ್ಕವೊಂದನ್ನು ನೋಡಿ. ಪ್ರತಿ ಜಾಬ್ ಮೊದಲು ಮುದ್ರಣಕ್ಕೆ, ಆಮೇಲೆ ಬೈಂಡಿಂಗಿಗೆ ಹೋಗುತ್ತದೆ ಎಂದುಕೊಳ್ಳೋಣ. ಕ್ಯಾಲೆಂಡರಿಗೆ ಮುದ್ರಣ 7 ಗಂಟೆ, ಬೈಂಡಿಂಗ್ 4. ಲಗ್ನಪತ್ರಿಕೆಗೆ 4 ಮತ್ತು 2. ಪುಸ್ತಕಕ್ಕೆ 6 ಮತ್ತು 9. ಸ್ಮರಣ ಸಂಚಿಕೆಗೆ 5 ಮತ್ತು 6. ಬಿಲ್ ಬುಕ್ಕಿಗೆ 3 ಮತ್ತು 5. ಬಂದ ಕ್ರಮ ಇದೇ ಆಗಿದ್ದು, ಇದೇ ಕ್ರಮದಲ್ಲಿ ಹಚ್ಚಿದರೆ ಐದೂ ಮುಗಿಯಲು 37 ಗಂಟೆ ಬೇಕು, ಏಕೆಂದರೆ ಬೈಂಡಿಂಗಿನವರು ಮೊದಲಿಗೆ 7 ಗಂಟೆ, ನಡುವೆ ಮತ್ತೆ 4 ಗಂಟೆ ಕೈಕಟ್ಟಿ ಕೂರಬೇಕಾಗುತ್ತದೆ. 1954ರ ಜಾನ್ಸನ್ ನಿಯಮವು ಎಲ್ಲಕ್ಕಿಂತ ಚಿಕ್ಕ ಅಂಕಿ ಮುದ್ರಣದ ಕಡೆ ಇದ್ದರೆ ಆ ಜಾಬನ್ನು ಮುಂದಕ್ಕೂ, ಬೈಂಡಿಂಗಿನ ಕಡೆ ಇದ್ದರೆ ಕೊನೆಗೂ ಹಾಕಿ, ಉಳಿದವುಗಳಿಗೂ ಹಾಗೆಯೇ ಮಾಡುತ್ತ ಹೋಗಿ ಎನ್ನುತ್ತದೆ. ಅದರಂತೆ ಬಿಲ್ ಬುಕ್, ಸ್ಮರಣ ಸಂಚಿಕೆ, ಪುಸ್ತಕ, ಕ್ಯಾಲೆಂಡರ್, ಲಗ್ನಪತ್ರಿಕೆ ಎಂಬ ಕ್ರಮದಲ್ಲಿ ಹಚ್ಚಿದರೆ ಅದೇ ಕೆಲಸ 29 ಗಂಟೆಗೆ ಮುಗಿಯುತ್ತದೆ. ಬೈಂಡಿಂಗಿನ ಕೆಲಸವೇ ಒಟ್ಟು 26 ಗಂಟೆ ಇರುವುದರಿಂದಲೂ, ಅತಿ ಚಿಕ್ಕ ಮುದ್ರಣಕ್ಕೂ 3 ಗಂಟೆ ಬೇಕಿರುವುದರಿಂದಲೂ ಇದಕ್ಕಿಂತ ಕಡಿಮೆಯಾಗುವುದು ಸಾಧ್ಯವೇ ಇಲ್ಲ. ಹೊಸ ಯಂತ್ರವಿಲ್ಲದೆ 8 ಗಂಟೆ, ಅಂದರೆ ಒಂದು ಪಾಳಿ ಉಳಿಯಿತು.

ಚಿಗರಿಯ ವಿಚಾರವನ್ನು ಕೈಬಿಡಿ. ಸರದಿಯನ್ನು ಎಣಿಸಬಹುದು, ನಿಜ. ಆದರೆ ನೀವು ಕೊಡುವ ಸಲಹೆಯನ್ನು ಅಲ್ಲಿ ಕೇಳಿ ನಿರ್ಧಾರ ತೆಗೆದುಕೊಳ್ಳುವವರು ನಿಮಗೆ ಸಿಗುವುದಿಲ್ಲ. ಗದಗಿನಲ್ಲಿ ಸಾವುಕಾರರು ಎದುರಿಗೇ ಕುಳಿತಿದ್ದಾರೆ.

ಉತ್ತರ: ಬೆಟಗೇರಿ, ಪ್ರೆಸ್ಸಿನ ಕೆಲಸದವರು

ತಂಗಿ, ಮೇಲಿನವರ ಲೆಕ್ಕ ತಪ್ಪಲ್ಲ, ಆದರೆ ಅವರು ಲಗ್ನಪತ್ರಿಕೆಯನ್ನು ಕೊನೆಗೆ ತಳ್ಳಿದ್ದಾರೆ. ಲಗ್ನದ ಮುಹೂರ್ತ ನಮ್ಮ ಬೈಂಡಿಂಗಿಗಾಗಿ ಕಾಯುವುದಿಲ್ಲ. ಪತ್ರಿಕೆ ಕೈಗೆ ಬಂದ ಮೇಲೆ ಬೀಗರು ಊರೂರು ತಿರುಗಿ ಹಂಚಬೇಕು. ಎರಡು ದಿನ ತಡವಾದರೆ ಆ ಪತ್ರಿಕೆ ರದ್ದಿ ಕಾಗದ. ಬಿಲ್ ಬುಕ್ ಎರಡು ದಿನ ತಡವಾದರೆ ಅಂಗಡಿಯವನು ಹಳೆಯ ಪುಸ್ತಕದಲ್ಲೇ ಬರೆಯುತ್ತಾನೆ. ಈ ಭೇದವನ್ನು ಕಾಣದ ಸರದಿಯನ್ನು ಯಾವ ಮಷೀನ್‌ಮನ್ನನೂ ಒಪ್ಪುವುದಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಿ. ಮುದ್ರಣ ಮುಗಿದ ಹಾಳೆಯನ್ನು ಕೂಡಲೇ ಮಡಿಸಲು ಬರುವುದಿಲ್ಲ. ಶಾಯಿ ಒಣಗಬೇಕು, ಆರ್ಟ್ ಪೇಪರ್ ಮೇಲೆ ದಟ್ಟ ಬಣ್ಣ ಇದ್ದರೆ ಹೆಚ್ಚು ಹೊತ್ತು, ಮಳೆಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು. ಆದ್ದರಿಂದ ಬೈಂಡಿಂಗಿನ ಮುಂದೆ ಕಾಗದದ ರಾಶಿ ಕಂಡಾಕ್ಷಣ ಬೈಂಡಿಂಗ್ ನಿಧಾನವಾಗಿದೆ ಎಂದು ಬರೆದುಕೊಳ್ಳಬೇಡಿ. ಆ ರಾಶಿ ಒಣಗುತ್ತಿರಬಹುದು. ಪುಸ್ತಕದ ಕೆಲಸದಲ್ಲಾದರೋ ಎಲ್ಲ ಫಾರಂಗಳ (ಮಡಿಸಿದರೆ ಪುಟಗಳ ಕಟ್ಟಾಗುವ ದೊಡ್ಡ ಹಾಳೆಗಳ) ಮುದ್ರಣ ಮುಗಿಯುವ ತನಕ ಬೈಂಡಿಂಗಿನವರು ಕಾಯುವುದೂ ಇಲ್ಲ. ಮೊದಲ ಫಾರಂ ಒಣಗಿದ ಕೂಡಲೇ ಮಡಿಸಲು ಹಚ್ಚುತ್ತೇವೆ. ಆಗ 6 ಮತ್ತು 9 ಗಂಟೆಗಳು ಒಂದರ ಮೇಲೊಂದು ಬೀಳುತ್ತವೆ, ಮೇಲಿನ ಲೆಕ್ಕ ಹಾಗೆಯೇ ನಿಲ್ಲುವುದಿಲ್ಲ.

ನನಗೆ ಗೊತ್ತಿರುವಂತೆ ಹೊತ್ತು ಹೋಗುವುದು ಎರಡು ಕಡೆ. ಮೊದಲನೆಯದು ಪ್ರೂಫ್, ಅಂದರೆ ತಪ್ಪು ನೋಡಲು ಗಿರಾಕಿಗೆ ಕೊಡುವ ಕರಡು ಪ್ರತಿ. ಗಿರಾಕಿಯು ಪ್ರೂಫ್ ಒಯ್ದು ನಾಲ್ಕು ದಿನ ಮನೆಯಲ್ಲಿಟ್ಟುಕೊಂಡು, ಹಿರಿಯರೊಬ್ಬರ ಹೆಸರು ಬಿಟ್ಟಿದೆ ಎಂದು ತಿದ್ದಿ ತರುತ್ತಾನೆ. ರಿಜಿಸ್ಟರಿನಲ್ಲಿ ಆ ನಾಲ್ಕು ದಿನವೂ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಎರಡನೆಯದು, ಒಂದು ಜಾಬ್ ಇಳಿಸಿ ಇನ್ನೊಂದನ್ನು ಹಚ್ಚುವ ಹೊತ್ತು: ಪ್ಲೇಟ್ ಬದಲಿಸಬೇಕು, ಕಾಗದಕ್ಕೆ ಶಾಯಿ ಒತ್ತುವ ರಬ್ಬರ್ ಬ್ಲಾಂಕೆಟ್ ತೊಳೆಯಬೇಕು, ಬಣ್ಣ ಕೂಡಿಸಬೇಕು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ರಿಜಿಸ್ಟ್ರೇಷನ್ ಸರಿಪಡಿಸಬೇಕು. ಪ್ರತಿಗಳು ಕಡಿಮೆ ಇದ್ದಷ್ಟೂ ಈ ಹೊತ್ತೇ ಓಡುವ ಹೊತ್ತನ್ನು ಮೀರುತ್ತದೆ. ಆಗ ಯಂತ್ರ ಇಡೀ ದಿನ ಗದ್ದಲದಲ್ಲಿದ್ದಂತೆ ಕಾಣುತ್ತದೆ, ಹಾಳೆ ಹೊರಗೆ ಬಿದ್ದಿರುವುದಿಲ್ಲ.

ಸಾವುಕಾರರಿಗೆ ನಿಜವಾಗಿ ಬೇಕಾದದ್ದನ್ನು ಹೇಳಲೇ? ಕೌಂಟರಿನಲ್ಲಿ ನಿಂತ ಗಿರಾಕಿ ‘ಯಾವಾಗ ಕೊಡ್ತೀರಿ?’ ಎಂದು ಕೇಳಿದಾಗ ಯಾವ ತಾರೀಖನ್ನು ಹೇಳಬೇಕು ಎಂಬುದು. ಈಗ ಅದನ್ನು ಗಿರಾಕಿಯ ಮುಖ ನೋಡಿ ಹೇಳುತ್ತಾರೆ.

ಮರುಪ್ರಶ್ನೆ: ಧಾರವಾಡದ ಎಂ.ಬಿ.ಎ. ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಬೆಟಗೇರಿಯ ಅಣ್ಣಾವರು ಕೊನೆಗೆ ಹೇಳಿದ ಮಾತನ್ನು ಗುಂಪಿನಲ್ಲಿ ಓದಿ ಹೇಳಿದೆ. ಕೊಡುವ ತಾರೀಖನ್ನು ಹೇಗೆ ಗೊತ್ತುಮಾಡಬೇಕು ಎಂಬುದನ್ನೇ ಪ್ರಶ್ನೆಯಾಗಿ ಇಟ್ಟುಕೊಳ್ಳಲು ಚಿಗರಿಯ ಗೆಳೆಯನೂ ಸೇರಿ ಎಲ್ಲರೂ ಒಪ್ಪಿದ್ದಾರೆ. ಇನ್ನು ಉಳಿದಿರುವ ತೊಡಕು ಅಳತೆಯದು. ಧಾರವಾಡದಿಂದ ಪ್ರತಿದಿನ ಗದಗಿಗೆ ಹೋಗಿ ಬರುವುದು ಆಗದ ಮಾತು. ಮೇಲಾಗಿ ಸ್ಟಾಪ್‌ವಾಚ್ ಹಿಡಿದು ನಿಂತರೆ, ನಗಕ್ಕೆ ಇಷ್ಟು ಎಂಬ ಲೆಕ್ಕದ ಮೇಲೆ ದುಡಿಯುವ ಬೈಂಡಿಂಗಿನ ಹೆಣ್ಣುಮಕ್ಕಳು ದರ ಇಳಿಸಲು ಬಂದಿದ್ದಾರೆಂದು ತಿಳಿದುಕೊಂಡಾರು ಎಂಬ ಅಂಜಿಕೆ ಇದೆ.

ಉತ್ತರ: ಹಾವೇರಿ ಜಿಲ್ಲೆಯ ಕಾಲೇಜೊಂದರ ಅಧ್ಯಾಪಕರು

ಅಂಜಿಕೆ ಸರಿಯಾದದ್ದೇ. ಅದಕ್ಕಾಗಿಯೇ ವರ್ಕ್ ಸ್ಯಾಂಪ್ಲಿಂಗ್ ಎಂಬ ವಿಧಾನವಿದೆ. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಟಿಪ್ಪೆಟ್ ಅದನ್ನು ಬಳಕೆಗೆ ತಂದದ್ದು ತೀರ ಹಳೆಯ ಮಾತು. ಗದಗಿನ ನಿಮ್ಮ ಗೆಳೆಯ ಮೊದಲೇ ಚೀಟಿ ಎತ್ತಿ ಗೊತ್ತುಮಾಡಿಕೊಂಡ ಹೊತ್ತುಗಳಿಗೆ ಪ್ರೆಸ್ಸಿನೊಳಗೆ ಸುತ್ತು ಹಾಕಿ, ಆ ಕ್ಷಣದಲ್ಲಿ ಪ್ರತಿಯೊಂದು ಯಂತ್ರ ಓಡುತ್ತಿದೆಯೋ, ಜಾಬ್ ಬದಲಿಸುತ್ತಿದ್ದಾರೋ, ಕೆಲಸವಿಲ್ಲದೆ ನಿಂತಿದೆಯೋ, ಕರೆಂಟು ಹೋಗಿದೆಯೋ ಎಂದು ಗುರುತು ಹಾಕಿದರೆ ಸಾಕು. ವ್ಯಕ್ತಿಯ ವೇಗವನ್ನು ಅಳೆಯುವ ಪ್ರಶ್ನೆಯೇ ಬರುವುದಿಲ್ಲ. ಯಂತ್ರವು ಶೇ. 30ರಷ್ಟು ಹೊತ್ತು ಜಾಬ್ ಬದಲಾವಣೆಯಲ್ಲಿ ಕಳೆಯುತ್ತಿರಬಹುದು ಎಂದು ಊಹಿಸಿ, ಅದನ್ನು ಶೇ. 5 ಅಂಶ ಆಚೀಚೆಯೊಳಗೆ, ಶೇ. 95 ವಿಶ್ವಾಸದಿಂದ ಹೇಳಬೇಕೆಂದರೆ ಸುಮಾರು 323 ನೋಟಗಳು ಬೇಕಾಗುತ್ತವೆ. ಎಲ್ಲ ಯಂತ್ರಗಳನ್ನೂ ಒಂದೇ ಸುತ್ತಿನಲ್ಲಿ ನೋಡಬಹುದಾದ್ದರಿಂದ ಇದು ದೊಡ್ಡ ಹೊರೆಯಲ್ಲ. ಹಾಗಿದ್ದರೂ ಮೊದಲ ದಿನ ಬೈಂಡಿಂಗಿನವರ ಬಳಿ ಕುಳಿತು, ಏನು ಬರೆದುಕೊಳ್ಳುತ್ತೀರಿ ಎಂಬುದನ್ನು ಹಾಳೆ ತೋರಿಸಿ ಹೇಳಿಬಿಡಿ.

ತಾರೀಖಿನ ಪ್ರಶ್ನೆಗೆ ಬಂದರೆ, ಸರಾಸರಿಯನ್ನು ನೆಚ್ಚಿಕೊಳ್ಳಬೇಡಿ. ಸರಾಸರಿ 6 ದಿನ ಎಂದು ಎಲ್ಲರಿಗೂ 6 ದಿನವನ್ನೇ ಹೇಳಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಬರಿಗೈಯಲ್ಲಿ ಮರಳಬೇಕಾದೀತು. ರಿಜಿಸ್ಟರಿನ ಜಾಬ್‌ಗಳನ್ನು ಬಗೆಯ ಪ್ರಕಾರ ಬೇರ್ಪಡಿಸಿ, ಒಂದೊಂದು ಬಗೆಯಲ್ಲೂ 100ಕ್ಕೆ 90 ಜಾಬ್‌ಗಳು ಎಷ್ಟು ದಿನದೊಳಗೆ ಮುಗಿದಿವೆ ಎಂದು ನೋಡಿ. ಹೇಳಬೇಕಾದ ದಿನ ಅದು. ಇದನ್ನು ಸುಗ್ಗಿಯ ತಿಂಗಳುಗಳಿಗೂ ಉಳಿದ ತಿಂಗಳುಗಳಿಗೂ ಬೇರೆಬೇರೆಯಾಗಿಯೇ ತೆಗೆಯಬೇಕು, ಅದಕ್ಕೆ ಕಾರಣವಿದೆ. ಕೆಲಸಗಳು ಅನಿಯತವಾಗಿ ಬರುವ, ಒಂದೊಂದಕ್ಕೂ ಹಿಡಿಯುವ ಹೊತ್ತು ಏರುಪೇರಾಗಿರುವ ಕಡೆ, ಒಂಟಿ ಯಂತ್ರದ ಸರಳ ಸರದಿ ಸೂತ್ರದ ಪ್ರಕಾರ, ಯಂತ್ರ ಶೇ. 80ರಷ್ಟು ತುಂಬಿದ್ದಾಗ ಕಾಯುವ ಹೊತ್ತು ಕೆಲಸದ ಹೊತ್ತಿನ 4 ಪಟ್ಟು, ಶೇ. 90 ತುಂಬಿದ್ದಾಗ 9 ಪಟ್ಟು, ಶೇ. 95ಕ್ಕೆ 19 ಪಟ್ಟು. ಮೇ ತಿಂಗಳಲ್ಲಿ ನೋಟ್‌ಬುಕ್ ಕೆಲಸ ಸ್ವಲ್ಪವೇ ಹೆಚ್ಚಾದರೂ ಎಲ್ಲ ತಾರೀಖುಗಳೂ ಒಮ್ಮೆಲೇ ಕುಸಿಯುವುದು ಇದರಿಂದಲೇ. ಮುನ್ನಂದಾಜು ಬೇಕೆಂದ ನಿಮ್ಮ ಗೆಳತಿಗೆ ಇಲ್ಲಿ ಕೆಲಸವಿದೆ. ಸಿಮ್ಯುಲೇಷನ್ ಬೇಡ ಎನ್ನುವುದಿಲ್ಲ, ಆದರೆ ಅಳತೆಗಳು ಕೈಗೆ ಬರುವ ಮುಂಚೆ ಅದನ್ನು ಕಟ್ಟಿದರೆ ನಿಮ್ಮ ಊಹೆಗಳನ್ನೇ ನೀವು ಬಣ್ಣದ ಚಿತ್ರವಾಗಿ ನೋಡಿದಂತಾಗುತ್ತದೆ.

ಸರದಿಯ ವಿಷಯದಲ್ಲಿ ಹಿಂದಿನ ಇಬ್ಬರದೂ ನ್ಯಾಯವೇ. ಒಟ್ಟು ಕೆಲಸ ಬೇಗ ಮುಗಿಯಲು ಜಾನ್ಸನ್ ನಿಯಮ. ಎಲ್ಲಕ್ಕಿಂತ ಹೆಚ್ಚು ತಡವಾಗುವ ಜಾಬಿನ ತಡವನ್ನು ಕನಿಷ್ಠಕ್ಕೆ ತರಲು, ಒಂದೇ ಯಂತ್ರದ ಮಟ್ಟಿಗೆ, ಬೇಗ ಕೊಡಬೇಕಾದದ್ದನ್ನು ಮೊದಲು ಹಚ್ಚುವ ನಿಯಮ. ಲಗ್ನಪತ್ರಿಕೆಯಂಥವನ್ನು ಈ ಎರಡನೆಯ ನಿಯಮದಂತೆ ಮೊದಲು ಕೂಡಿಸಿ, ಉಳಿದ ಜಾಗದಲ್ಲಿ ಜಾನ್ಸನ್ ನಿಯಮವನ್ನು ಬಳಸಿ ನೋಡಿ. ಜಾಬ್ ಬದಲಿಸುವ ಹೊತ್ತಿಗೆ ಜಪಾನಿನ ಶಿಗೇವೊ ಶಿಂಗೊ ಹೇಳಿಕೊಟ್ಟ ಕ್ರಮವಿದೆ: ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸವನ್ನೂ, ಹಿಂದಿನ ಜಾಬ್ ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸವನ್ನೂ ಬೇರ್ಪಡಿಸುವುದು. ಮುಂದಿನ ಜಾಬಿನ ಪ್ಲೇಟ್, ಶಾಯಿ, ಅಳತೆಗೆ ಕತ್ತರಿಸಿದ ಕಾಗದ ಯಂತ್ರದ ಪಕ್ಕಕ್ಕೆ ಮೊದಲೇ ಬಂದಿರುತ್ತವೆಯೇ ಎಂಬುದೊಂದನ್ನು ನೋಡಿದರೂ ನಿಮಗೆ ಬರೆಯಲು ಸಾಕಷ್ಟು ಸಿಗುತ್ತದೆ. ಯಂತ್ರ ಕೊಳ್ಳುವ ಮಾತನ್ನು ಅದಾದ ಮೇಲೆ ಎತ್ತಬಹುದು.

ಒಂದು ಅಂಕಣವನ್ನು ಮಾತ್ರ ನಾಳೆಯಿಂದಲೇ ರಿಜಿಸ್ಟರಿಗೆ ಸೇರಿಸಲು ಸಾವುಕಾರರನ್ನು ಕೇಳಿಕೊಳ್ಳಿ: ಪ್ರೂಫ್ ಒಪ್ಪಿಗೆಯಾಗಿ ಮರಳಿ ಬಂದ ದಿನ. ಕೊಡುವ ತಾರೀಖನ್ನು ಆ ದಿನದಿಂದ ಎಣಿಸಿ ಹೇಳುವ ಪದ್ಧತಿ ಬಂದರೆ, ಗಿರಾಕಿಯ ಮನೆಯಲ್ಲಿ ಕಳೆದ ದಿನಗಳು ಪ್ರೆಸ್ಸಿನ ಲೆಕ್ಕಕ್ಕೆ ಸೇರುವುದು ತಪ್ಪುತ್ತದೆ.